ಮೊದಲು ತಿರುಗಿದವನು

ಭವಾನಿ ಪೇಠೆಯ ಅರಿಶಿನದ ಅಡತಿ ಅಂಗಳದಲ್ಲಿ
ಮೂವರು ದಗಡೂಗಳಿದ್ದಾರೆ.
ಲಾರಿಯ ಮೇಲಿಂದ ಮುಕಾದಮ ಒಂದೇ ಸಲ ಕೂಗುತ್ತಾನೆ,
ಯಾವ ದಗಡೂ ಅಂತ ಹೇಳುವುದಿಲ್ಲ.
ಹತ್ತಿರದವನು ತಿರುಗುತ್ತಾನೆ,
ಭಾರ ಅವನ ಬೆನ್ನಿಗೆ.
ಉಳಿದಿಬ್ಬರು ಅಲ್ಲೇ, ಅಂಗೈಯಲ್ಲಿ ತಂಬಾಕು ತಿಕ್ಕುತ್ತ,
ಕರೆದದ್ದು ತಮ್ಮನ್ನೇ ಇರಬಹುದು ಎಂಬ ಗೊಡವೆಯಿಲ್ಲದೆ.

ನನ್ನ ಕೆಲಸ ಅಟ್ಟದ ಮೇಲೆ,
ಕೀಬೋರ್ಡಿನ ಸಂದುಗಳಲ್ಲಿ ಅರಿಶಿನದ ಪುಡಿ.
ರೈತರ ಪಟ್ಟಿ ಬರೆಯುವ ಸ್ಕ್ರಿಪ್ಟು ನನ್ನದು,
ಅದೂ ಹೀಗೇ ಕೂಗುತ್ತದೆ: ತೂಕಾ, ಬಾ!
ಪೈಥಾನು ಒಂದು ಯಾದಿ ಹಿಡಿದು ಹೊರಡುತ್ತದೆ,
ಮೊದಲ ಮನೆ, ಎರಡನೇ ಮನೆ, ಮೂರನೇ ಮನೆ,
ಯಾವ ಬಾಗಿಲಲ್ಲಿ ಮೊದಲು ಓ ಎಂದರೋ
ಅಲ್ಲಿಗೆ ಹುಡುಕಾಟ ಮುಗಿಯಿತು.
ನೀನೇನಾ ಎಂದು ಕೇಳುವ ಪದ್ಧತಿಯಿಲ್ಲ.

ಹೋಳಿ ಹುಣ್ಣಿಮೆಯಿಂದೀಚೆಗೆ
ಚೀಲಕ್ಕೆ ನಾನೂರು ಗ್ರಾಂ ಎಲ್ಲೋ ಸೋರುತ್ತಿದೆ.
ಮೊದಲು ಹೇಳಿದವನು ಕುಡಚಿ ಕಡೆಯ ಅಣ್ಣಾಸಾಬ ಬೇಡಕಿಹಾಳೆ,
ಫೋನಿನಲ್ಲಿ, ನಗುನಗುತ್ತಲೇ:
"ಅಕ್ಕಾರ, ನಮ್ಮ ಚೀಲ ಪುಣೇ ಮುಟ್ಟೂದ್ರಾಗ ಸೊರಗತಾವೇನ್ರೀ?"

ಖಾಲಿ ಗೋಣಿಯನ್ನು ಕಾಟಾದಲ್ಲಿಟ್ಟೆ. ಆರುನೂರು.
ನನ್ನ ಫೈಲೂ ಆರುನೂರೇ ಅನ್ನುತ್ತದೆ.
ಪಟ್ಟಿ ಮಾತ್ರ ಗೋಣಿಗೆಂದು ಕಿಲೋ ಮುರಿಯುತ್ತದೆ.
ಸಾಲು ಸಾಲು ಓದಿದೆ. ತಿದ್ದಿದೆ.
ಸಿಟ್ಟಿಗೆ ಆರುನೂರನ್ನು ಸೊನ್ನೆ ಮಾಡಿದೆ.
ಪಟ್ಟಿ ಕದಲಲಿಲ್ಲ.
ನಾನು ಬೈಯುತ್ತಿದ್ದ ದಗಡೂ ಬೇರೆ,
ಹೊರುತ್ತಿದ್ದ ದಗಡೂ ಬೇರೆ.

ಆಗ ಯಾದಿಯನ್ನೇ ಕೇಳಿದೆ,
ಎಲ್ಲೆಲ್ಲಿ ಹೋಗಿ ಬರ್ತೀಯ, ಹೇಳು.
ಹನ್ನೊಂದು ಸಾಲು.
ಫಣಸಳಕರ ಕೆಲಸ ಬಿಡುವ ಮುಂಚೆ
ತನ್ನ ಫೋಲ್ಡರನ್ನು ಸರದಿಯ ಮುಂದಕ್ಕೆ ತುರುಕಿದ್ದ,
ಅವನ ಜಾಗಕ್ಕೆ ಬಂದ ಮೃಣ್ಮಯಿ ಅವನಿಗೂ ಮುಂದೆ ತನ್ನದು,
ಸ್ವಾರಗೇಟಿನ ಬಸ್ಸಿಗೆ ಕಿಟಕಿಯಿಂದ ಕರವಸ್ತ್ರ ಎಸೆದ ಹಾಗೆ.
ಇಬ್ಬರೂ ಇಳಿದು ಹೋದರು. ಕರವಸ್ತ್ರಗಳು ಸೀಟಿನ ಮೇಲಿವೆ.
ಇನ್ನೊಂದು ವಿಳಾಸ, ಗುಜರಿಗೆ ಹೋದ ಡಿಸ್ಕಿನದು,
ಪೈಥಾನು ದಿನಾ ಅಲ್ಲಿಗೂ ಹೋಗಿ
ಬಾಗಿಲೇ ಇಲ್ಲದ ಗೋಡೆ ಕಂಡು
ಬೇಸರಿಸದೆ ಮುಂದೆ ನಡೆಯುತ್ತದೆ.

ಅವರೆಲ್ಲರಿಗಿಂತ ಮೇಲೆ, ಯಾರೂ ತುರುಕದೆಯೇ,
ಮೊದಲ ಸಾಲು:
ಎರಡು ಉದ್ಧರಣ ಚಿಹ್ನೆ, ನಡುವೆ ಏನೂ ಇಲ್ಲ.
ಎಷ್ಟು ಸಲ ಕಣ್ಣು ಅದನ್ನು ದಾಟಿ ಕೆಳಗಿಳಿದಿತ್ತೋ.
ಪೈಥಾನಿನ ಮಾತಲ್ಲಿ ಖಾಲಿ ಅಂದರೆ ಇಲ್ಲಿ,
ಈಗ ನೀನು ನಿಂತ ನೆಲ.

ಇಲ್ಲಿ ನೋಡಿದೆ.
ತೂಕ ಎಂಬ ಹೆಸರಿನ ಆರು ಸಾಲಿನ ಫೈಲು,
ಹೋಳಿಯ ಹಿಂದಿನ ರಾತ್ರಿ ಹತ್ತೂ ನಲವತ್ತಕ್ಕೆ ಉಳಿಸಿದ್ದು.
ಗೋಣಿ ಒಂದಕ್ಕೆ ಒಂದು ಕಿಲೋ.
ಮೇಲೆ ಟಿಪ್ಪಣಿ: ಪರಿಕ್ಷೆಗೆ ಮಾತ್ರ, ನಾಳೆ ಅಳಿಸಬೇಕು.
ರೀ-ಗೆ ದೀರ್ಘ ಕೊಡದ ಕೈ
ಮೂರನೇ ಇಯತ್ತೆಯಿಂದಲೂ ನನ್ನದೇ.

ಫೈಲಿನ ಹೆಸರು ಬದಲಿಸಿದೆ. ಅಳಿಸಲು ಮನಸ್ಸಾಗಲಿಲ್ಲ,
ಓಸವಾಲ ಸೇಠರಿಗೆ ತೋರಿಸಬೇಕಲ್ಲ.
ನೂರಾ ಎಂಬತ್ತು ಪಟ್ಟಿ ಮತ್ತೆ ಬರೆಯಬೇಕು.
ಅದಕ್ಕೂ ಮೊದಲು ಕುಡಚಿಗೆ ಹೇಳಬೇಕು.

ಫೋನಿನಲ್ಲಿ ಅಣ್ಣಾಸಾಬ ಎಂದು ಒತ್ತಿದೆ.
ರಿಂಗಾಯಿತು, ಎತ್ತಿದರು.
ಉಸಿರು ಕಟ್ಟಿ ಒಂದೇ ಸಮ ಹೇಳಿದೆ,
ತಪ್ಪು ನನ್ನದ್ರೀ, ನಾನೂರು ಗ್ರಾಂ, ಅಷ್ಟೂ ಚೀಲಕ್ಕೆ.
ಆ ಕಡೆ ಗೊಂದಲದ ಮೌನ. ಆಮೇಲೆ,
"ಬೋಲಾ, ತಾಯೀ?"

ಗ್ಯಾಸಿನ ಅಣ್ಣಾಸಾಬ. ಯಾದಿಯಲ್ಲಿ ಅವನೇ ಮೊದಲು.
ತಾಯಿ ಅಂದರೆ ಅವರಲ್ಲಿ ಅಕ್ಕ, ಗೊತ್ತು,
ಈ ಊರಿಗೆ ಬಂದು ಹದಿನೇಳು ವರ್ಷ.
ಆದರೂ ಆ ಶಬ್ದ ಬಿದ್ದೊಡನೆ ಕಿವಿ ಮೊದಲು
ಅವ್ವನ ಬಾಗಿಲಿಗೇ ಹೋಗುತ್ತದೆ, ಒಂದು ಕ್ಷಣ ನಿಂತು
ಆಮೇಲೆ ಪುಣೆಗೆ ಬರುತ್ತದೆ.

ಸಿಲಿಂಡರು ನಾಳೆ ಬರುತ್ತದಂತೆ.
ಕೆಳಗೆ ಯಾರೋ ದಗಡೂ ಎಂದರು.